ಮಂತ್ರಿಗಳ ಮನೆ ಹೊರಟ ದಿಕ್ಕು

ಭಾವ ಮೊದಲ ಸಲ ಸಂಸತ್ತಿನ ಚುನಾವಣೆ ಗೆದ್ದು ರಾಜಧಾನಿಗೆ ಹೋದ ವರ್ಷ, ಹಿಮ ಕರಗಿ ನೆಲ ಮೆತ್ತಗಾಗುತ್ತಿದ್ದಂತೆ ಅಕ್ಕನ ಮನೆ ಸರಿದು ಬಂದು ಪರಾಸ್ಕಾಳ ಬೇಲಿಗೆ ತಾಗಿತು. ಪರಾಸ್ಕಾ ಅಕ್ಕನ ಪಕ್ಕದ ಮನೆಯವಳು. ಬಾಯಿ ಜೋರು, ಕೈ ಧಾರಾಳ. ಬೆಳಿಗ್ಗೆ ಎದ್ದು ಬೇಲಿ ಮುರಿದದ್ದನ್ನು ನೋಡಿ ಅವಳು ಸಿಟ್ಟಾಗಲಿಲ್ಲ. ಗಸಗಸೆ ತುಂಬಿದ ಬನ್ನುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಅಕ್ಕನ ಬಾಗಿಲಿಗೆ ಹೋಗಿ, "ಅಂತೂ ನಿನ್ನ ಗಂಡ ಅಲ್ಲಿ ಬೇರು ಬಿಟ್ಟ ಅನ್ನು, ಸೊಲೊಮಿಯಾ. ತಗೋ, ತಿನ್ನು. ಬೇಲಿ ಹಾಳಾಗಿ ಹೋಗ್ಲಿ" ಅಂದಳು. ಅಕ್ಕ ನಾಚಿಕೊಂಡು ನಕ್ಕಳು. ಆ ನಗು ನನಗೆ ಈಗಲೂ ನೆನಪಿದೆ.

ಮನೆ ಹೊರಡುವುದು ನಮ್ಮ ಊರಿಗೆ ಹೊಸದೇನಲ್ಲ. ಯಜಮಾನ ದೂರ ಹೋದರೆ ಮನೆ ಅವನಿರುವ ಕಡೆ ಸರಿಯುತ್ತದೆ, ಅವನು ವಾಪಸು ಬಂದರೆ ನಿಲ್ಲುತ್ತದೆ. ಹಡಗಿನ ಕೆಲಸಕ್ಕೆ ಹೋದವರ ಮನೆಗಳು ದಕ್ಷಿಣಕ್ಕೆ, ಕಲ್ಲಿದ್ದಲ ಗಣಿಗೆ ಹೋದವರದ್ದು ಪೂರ್ವಕ್ಕೆ, ಪೋಲೆಂಡಿಗೆ ಸ್ಟ್ರಾಬೆರಿ ಕೀಳಲು ಹೋದವರದ್ದು ಪಶ್ಚಿಮಕ್ಕೆ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಎಲ್ಲ ಮನೆಗಳೂ ತೆಪ್ಪಗಿರುತ್ತವೆ. ವಸಂತ ಬಂತೆಂದರೆ ನನಗೆ ಬಿಡುವಿಲ್ಲ. ನಾನು ಯೂರ್ಕೊ, ಪುರಸಭೆಯಲ್ಲಿ ದಾರಿ ಬಿಡಿಸುವವನು. ಹೊರಟ ಮನೆಯ ಮುಂದಿನ ಬೇಲಿ ಕೀಳಬೇಕು, ಬಾವಿ ಇದ್ದರೆ ಹಲಗೆ ಹಾಕಿ ಮುಚ್ಚಬೇಕು, ದೀಪದ ಕಂಬ ಅಡ್ಡ ಬಂದರೆ ಪಕ್ಕಕ್ಕೆ ನೆಡಬೇಕು, ಜಗಳವಾದರೆ ಎರಡೂ ಕಡೆಯವರಿಂದ ಬೈಸಿಕೊಳ್ಳಬೇಕು. ಹೊರಟ ಮನೆಯನ್ನು ಯಾರೂ ತಡೆಯುವಂತಿಲ್ಲ. ತಡೆದರೆ ಗೋಡೆ ಬಿರಿಯುತ್ತದೆ. ಹಾಗೆಯೇ ಮನೆಯ ಒಲೆ ಆರಬಾರದು. ಒಲೆ ಉರಿಯದ ಮನೆ ದಿಕ್ಕು ತಪ್ಪಿ ಹೊಳೆಗೆ ಇಳಿಯುತ್ತದೆ. ಆದ್ದರಿಂದ ಗಂಡ ಹೆಂಡಿರಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ಉಳಿಯಬೇಕು. ನನ್ನ ಅಕ್ಕ ಉಳಿದಳು.

ಭಾವನ ಹೆಸರು ಸೆವೆರಿನ್. ಊರಿನವರು ಏನಾದರೂ ಕೆಲಸ ಆಗಬೇಕಿದ್ದಾಗ ತಂದೆಯ ಹೆಸರನ್ನೂ ಸೇರಿಸಿ ಸೆವೆರಿನ್ ಒಸ್ತಾಪೊವಿಚ್ ಎನ್ನುತ್ತಿದ್ದರು, ಆಗಬೇಕಾದ್ದು ಇಲ್ಲದಾಗ ಬರೀ ಸೆವೆರಿನ್. ಉಕ್ರೇನು ಸ್ವತಂತ್ರವಾದ ಹೊಸತರಲ್ಲಿ ಅವರು ನಮ್ಮೂರ ರೈಲ್ವೆ ಡಿಪೋದಲ್ಲಿ ಇಂಜಿನಿಯರ್ ಆಗಿದ್ದರು. ಆ ಚಳಿಗಾಲ ಊರಿನ ನೀರಿನ ಪಂಪು ಕೆಟ್ಟು, ಕೇಳುವವರೇ ದಿಕ್ಕಿಲ್ಲದೆ ಜನ ಹಿಮ ಕರಗಿಸಿ ಕುಡಿಯುತ್ತಿದ್ದಾಗ, ಭಾವ ಡಿಪೋದ ಹುಡುಗರನ್ನು ಕಟ್ಟಿಕೊಂಡು ಹಳೇ ಎಂಜಿನ್ನಿನ ಭಾಗ ಬಿಚ್ಚಿ ಅದನ್ನು ರಿಪೇರಿ ಮಾಡಿದರು. ನೀರು ಬಂದ ದಿನ ಜನ ಅವರನ್ನು ಒಂದು ಗೂಡ್ಸ್ ವ್ಯಾಗನ್ನಿನ ಮೇಲೆ ಹತ್ತಿಸಿ ಎರಡು ಮಾತಾಡಿ ಎಂದರು. ಅವರು ಎರಡು ಮಾತಾಡಿದರು. ಆಮೇಲೆ ಇನ್ನೆರಡು. ಅವರಿಗೆ ಮಾತು ಬರುತ್ತದೆ ಎಂದು ನಮಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಕೆಳಗಿಳಿದಾಗ ಅವರ ಮುಖದಲ್ಲಿ ಹೊಸ ಕಳೆ ಬಂದಿತ್ತು. ಅಲ್ಲಿಂದ ಪುರಸಭೆ, ಪುರಸಭೆಯಿಂದ ಸಂಸತ್ತು. ಹೊರಡುವ ದಿನ ಸ್ಟೇಷನ್ನಿನಲ್ಲಿ ಅಕ್ಕನ ಕೈ ಹಿಡಿದು, "ಒಂದು ಅವಧಿ ಅಷ್ಟೇ ಸೊಲ್ಯಾ. ಮುಗಿಸ್ಕೊಂಡು ಬಂದುಬಿಡ್ತೀನಿ. ಒಲೆ ಆರಿಸಬೇಡ" ಎಂದರು. ಮನಸ್ಸಿನಿಂದಲೇ ಹೇಳಿದರು. ಭಾವ ಸುಳ್ಳುಗಾರರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ರಾಜಧಾನಿ ಇರುವುದು ನಮಗೆ ಉತ್ತರಕ್ಕೆ. ಅಕ್ಕನ ಮನೆ ಪರಾಸ್ಕಾಳ ಬೇಲಿ ಮುರಿದು, ಅವಳ ಚೆರ್ರಿ ಗಿಡಗಳ ನಡುವೆ ನುಸುಳಿ, ಎರಡನೇ ವಸಂತಕ್ಕೆ ಹಿಂದಿನ ಓಣಿಗೆ ಬಂತು. ಅಕ್ಕನೂ ಪರಾಸ್ಕಾಳೂ ಕಿಟಕಿಯಿಂದ ಕಿಟಕಿಗೆ ಉಪ್ಪು, ಯೀಸ್ಟು, ಚಾಡಿ ಎಲ್ಲ ಕೊಟ್ಟು ತೆಗೆದುಕೊಳ್ಳುತ್ತಿದ್ದವರು. ಈಗ ಪರಾಸ್ಕಾ ಕೂಗಬೇಕಾಯಿತು. ಇನ್ನೊಂದು ವರ್ಷ ಕಳೆದ ಮೇಲೆ ಕೂಗಿದರೂ ಕೇಳಿಸದಷ್ಟು ದೂರವಾಯಿತು. ಹೊಸ ಓಣಿಯ ಜನ ಒಳ್ಳೆಯವರೇ, ಆದರೆ ಪರಿಚಯವಾಗಿ ಸಲುಗೆ ಬೆಳೆಯುವ ಹೊತ್ತಿಗೆ ಮನೆ ಅವರನ್ನೂ ದಾಟಿ ಹೋಗುತ್ತಿತ್ತು. ಅಕ್ಕ ಮಾತ್ರ ಒಂದು ದಿನವೂ ಗೊಣಗಲಿಲ್ಲ. ನಾನು ಬೇಲಿ ಕಿತ್ತು ಸುಸ್ತಾಗಿ ಟೀ ಕುಡಿಯಲು ಒಳಗೆ ಹೋದರೆ, "ಇನ್ನೊಂದು ಓಣಿ ದಾಟಿದ್ವಿ ಯೂರ್ಕೊ. ಅಷ್ಟು ಹತ್ತಿರ ಆಯ್ತಲ್ಲ" ಎನ್ನುತ್ತಿದ್ದಳು.

"ಇದೇ ಸ್ಪೀಡಲ್ಲಿ ಹೋದ್ರೆ ನಿನ್ನ ಮರಿಮಕ್ಕಳ ಮರಿಮಕ್ಕಳು ಭಾವನ ಬಾಗಿಲಲ್ಲಿ ಇಳೀತಾರೆ ಬಿಡು."

"ನಗು, ನಗು. ನೀನು ಮದುವೆ ಆಗಿಲ್ಲ, ನಿನಗೇನು ಗೊತ್ತು?" ಎಂದು ಅವಳು ನನ್ನ ಟೀ ಲೋಟಕ್ಕೆ ಸಕ್ಕರೆಯ ಬದಲಿಗೆ ಇನ್ನಷ್ಟು ಜಾಮ್ ಹಾಕುತ್ತಿದ್ದಳು.

ಪೇಪರು ನಮ್ಮೂರಿಗೆ ತಡವಾಗಿ ಬರುತ್ತದೆ. ಜನ ಅಕ್ಕನ ಮನೆ ನೋಡಿಯೇ ರಾಜಕೀಯ ತಿಳಿದುಕೊಳ್ಳುತ್ತಿದ್ದರು. ಒಂದು ವಸಂತ ಮನೆ ಒಂದೇ ವಾರದಲ್ಲಿ ಇಡೀ ಅಂಗಡಿ ಬೀದಿಯನ್ನು ದಾಟಿ, ಕ್ಷೌರಿಕನ ಅಂಗಡಿಯ ಹೆಂಚು ಉದುರಿಸಿ ಆ ಕಡೆ ಹೋಗಿ ನಿಂತಿತು. "ಏನೋ ದೊಡ್ಡದೇ ಆಗಿದೆ" ಎಂದು ಎಲ್ಲರೂ ಅಂದರು. ಸಂಜೆಯ ರೇಡಿಯೊದಲ್ಲಿ ಭಾವ ಸಾರಿಗೆ ಮಂತ್ರಿಯಾದ ಸುದ್ದಿ ಬಂತು. ಕ್ಷೌರಿಕ ಹೆಂಚಿನ ದುಃಖ ಮರೆತು ಅವತ್ತು ಎಲ್ಲರಿಗೂ ಪುಕ್ಕಟೆ ಗಡ್ಡ ಮಾಡಿದ.

ಮಂತ್ರಿಯಾಗಿ ಭಾವ ಕೆಲಸ ಮಾಡಲಿಲ್ಲ ಅಂತ ನಾನು ಹೇಳುವುದಿಲ್ಲ. ನಮ್ಮೂರಿಂದ ರಾಜಧಾನಿಯ ಹೆದ್ದಾರಿಗೆ ನೇರ ಡಾಂಬರು ರಸ್ತೆ ಹಾಕಿಸಿದರು. ರಸ್ತೆ ಮಾಡಲು ಬಂದ ಹೊರಗಿನ ಅಧಿಕಾರಿಗಳಿಗೆ ನಮ್ಮ ಊರಿನ ರೀತಿ ಗೊತ್ತಿಲ್ಲ. ಅಕ್ಕನ ಮನೆಯ ಮುಂದೆಯೇ ಅಡ್ಡವಾಗಿ ಹಾಸಿಬಿಟ್ಟರು. "ಸ್ವಾಮಿ, ಮನೆ ಬರ್ತದೆ" ಎಂದೆ. ಅವರು ನನ್ನನ್ನು ಕುಡಿದವನಂತೆ ನೋಡಿದರು. ಮರುವರ್ಷ ಮಂತ್ರಿಗಳ ರಸ್ತೆಯನ್ನು ಮಂತ್ರಿಗಳ ಮನೆಯೇ ಎಬ್ಬಿಸಿ ಹಾಕಿತು. ಅದಕ್ಕೂ ಮೊದಲು ರಸ್ತೆಯ ಉದ್ಘಾಟನೆಗೆ ಭಾವ ಬಂದಿದ್ದರು, ಕಾರಿನಲ್ಲಿ, ಅರ್ಧ ದಿನಕ್ಕೆ. ಚೌಕದಲ್ಲಿ ಭಾಷಣ ಮಾಡಿದರು. ಅಕ್ಕ ಕಸೂತಿಯ ಬಿಳಿ ಅಂಗಿ ಹಾಕಿಕೊಂಡು ಮೊದಲ ಸಾಲಿನಲ್ಲಿ ನಿಂತಿದ್ದಳು. ಊಟಕ್ಕೆ ಬೀಟ್‌ರೂಟ್ ಸಾರು ಮಾಡಿಟ್ಟಿದ್ದಳು. ಯಾವುದೋ ಫೋನು ಬಂತು, ಭಾವ ಅವಳ ಹಣೆಗೆ ಮುತ್ತಿಟ್ಟು ಕಾರು ಹತ್ತಿದರು. ಸಾರನ್ನು ನಾನೂ ಪರಾಸ್ಕಾಳೂ ಕುಡಿದೆವು. ರುಚಿಯಾಗಿತ್ತು.

ಒಂದು ಸಲ ಅಕ್ಕನೇ ರಾಜಧಾನಿಗೆ ಹೋದಳು. ಒಲೆ ನೋಡಿಕೊಳ್ಳಲು ನನ್ನನ್ನು ಕೂರಿಸಿದಳು. ತಿಂಗಳು ಇದ್ದು ಬರುತ್ತೇನೆಂದು ಹೋದವಳು ವಾರದೊಳಗೆ ಬಂದಳು. ಏನಾಯಿತು ಎಂದು ಕೇಳಿದೆ.

"ಏನೂ ಆಗ್ಲಿಲ್ಲ. ಚೆನ್ನಾಗಿ ನೋಡ್ಕೊಂಡ. ಆದ್ರೆ ಅಲ್ಲಿ ಎಲ್ಲರೂ ಅವನಿಗೆ ಕಾಯ್ತಾರೆ ಕಣೋ. ಬೆಂಚಿನ ಮೇಲೆ ಸಾಲಾಗಿ ಕೂತು ಕಾಯ್ತಾರೆ. ನಾನೂ ಒಂದು ಮೂಲೇಲಿ ಕೂತಿದ್ದೆ. ಕಾಯೋದೇ ಆದ್ರೆ ನನ್ನ ಮನೇಲಿ ಕಾಯ್ತೀನಿ ಅನ್ನಿಸ್ತು. ಮನೆಯಾದ್ರೂ ಅವನ ಕಡೆ ಹೋಗ್ತಾ ಇರತ್ತೆ."

ಆಮೇಲಿನ ವರ್ಷಗಳನ್ನು ಬಿಡಿಸಿ ಹೇಳಿದರೆ ನಿಮಗೂ ಬೇಜಾರು. ಸರಕಾರ ಬಿತ್ತು. ಭಾವ ಪಕ್ಷ ಬದಲಿಸಿದರು. ಕೃಷಿ ಖಾತೆ ಸಿಕ್ಕಿತು, ಹೋಯಿತು. ಪ್ರಧಾನಿಯ ಜೊತೆ ಕಿತ್ತಾಡಿ ರಾಜೀನಾಮೆ ಕೊಟ್ಟರು. ಆಗ ಅಕ್ಕ ಮನೆಯನ್ನೆಲ್ಲ ಸುಣ್ಣ ಬಳಿದು ಕಾದಳು. ಬರಲಿಲ್ಲ, ಯಾವುದೋ ಸಮಿತಿಯ ಅಧ್ಯಕ್ಷರಾದರು. ಮತ್ತೆ ಮಂತ್ರಿಯಾದರು. ಒಂದು ಅವಧಿ ಎಂದದ್ದು ಎಷ್ಟೋ ಆಯಿತು. ಪ್ರತಿ ಸಲವೂ "ಇದೊಂದು ಮುಗೀಲಿ" ಎನ್ನುತ್ತಿದ್ದರು. ಪ್ರತಿ ವಸಂತವೂ ಮನೆ ಸರಿಯಿತು. ಊರಿನ ಕೊನೆಯ ಬೀದಿ ದಾಟಿತು, ಕಾಳಿನ ದೊಡ್ಡ ಉಗ್ರಾಣದ ಹತ್ತಿರ ಸೂರ್ಯಕಾಂತಿ ಹೊಲದ ನಡುವೆ ಒಂಟಿಯಾಗಿ ನಿಂತಿತು. ಅಕ್ಕನ ಕೂದಲು ನೆರೆಯಿತು. ನೀರು ದೂರವಾಯಿತು, ಜನ ದೂರವಾದರು. ನಾನು ದಿನಾ ಸೈಕಲ್ಲಿನಲ್ಲಿ ಹೋಗಿ ಬ್ರೆಡ್ಡು ಕೊಟ್ಟು ಬರುತ್ತಿದ್ದೆ.

ಕೊನೆಗೊಂದು ಚುನಾವಣೆಯಲ್ಲಿ ಭಾವ ಸೋತರು. ಸಣ್ಣ ಸೋಲಲ್ಲ, ಊರೂರೂ ಸೇರಿ ಸೋಲಿಸಿದರು. ಶರತ್ಕಾಲದ ಒಂದು ಮಧ್ಯಾಹ್ನ ಅವರು ಸಾಧಾರಣ ರೈಲಿನಲ್ಲಿ ಬಂದು ಇಳಿದರು. ಕೈಯಲ್ಲಿ ಒಂದು ಸೂಟ್‌ಕೇಸು, ಪಕ್ಕದಲ್ಲಿ ಯಾರೂ ಇಲ್ಲ. ಸ್ಟೇಷನ್ನಿನಿಂದ ನೇರ ನಡೆದು ತಮ್ಮ ಬೀದಿಗೆ ಬಂದು, ಪರಾಸ್ಕಾಳ ಮನೆಯ ಪಕ್ಕದ ಖಾಲಿ ಜಾಗದ ಮುಂದೆ ನಿಂತುಬಿಟ್ಟರು. ಮನೆ ಊರಾಚೆ ಹೋಗಿ ವರ್ಷಗಳಾಗಿದ್ದವು. ಕಾರಿನಲ್ಲಿ ಚೌಕಕ್ಕೆ ಬಂದು ಹೋಗುವವರಿಗೆ ಅದು ತಿಳಿದಿರಲಿಲ್ಲ. ಕಾಲುಗಳು ಹಳೇ ಅಭ್ಯಾಸದಲ್ಲಿ ನಡೆದಿದ್ದವು. ಪರಾಸ್ಕಾ ಕಿಟಕಿಯಿಂದ ತಲೆ ಹಾಕಿ, "ಇನ್ನೂ ಮುಂದೆ ಹೋಗ್ಬೇಕು ಸೆವೆರಿನ್ ಒಸ್ತಾಪೊವಿಚ್. ನಿಮ್ಮ ಮನೆ ನಿಮ್ಮನ್ನೇ ಹುಡುಕ್ಕೊಂಡು ಹೋಗಿದೆ" ಎಂದಳು. ಬಯ್ಯಬೇಕೆಂದು ವರ್ಷಗಟ್ಟಲೆ ಕಾದು ಕೂತಿದ್ದಳಂತೆ, ಅವರ ಮುಖ ನೋಡಿ ಬಾಯಿ ಬರಲಿಲ್ಲವಂತೆ. ಹೊಲದ ದಾರಿಯನ್ನು ತಾನೇ ತೋರಿಸಿಕೊಟ್ಟಳು.

ಆ ಚಳಿಗಾಲದಷ್ಟು ಖುಷಿಯಾಗಿ ಅಕ್ಕನನ್ನು ನಾನು ಕಂಡದ್ದಿಲ್ಲ. ಭಾವ ಒಲೆಯ ಬಿರುಕಿಗೆ ಮಣ್ಣು ಮೆತ್ತಿದರು, ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟರು, ಸೌದೆ ಒಡೆದರು. ಇಬ್ಬರೂ ಸೇರಿ ಕಣಕದಲ್ಲಿ ಆಲೂಗಡ್ಡೆ ತುಂಬಿ ಕಡುಬು ಮಾಡುತ್ತಿದ್ದರು. ಭಾವ ಮಾಡಿದವು ನೀರಿಗೆ ಬಿದ್ದ ಕೂಡಲೇ ಬಾಯಿ ಬಿಡುತ್ತಿದ್ದವು, ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು. "ವಸಂತ ಬರ್ಲಿ, ಇಲ್ಲೇ ಸುತ್ತ ಚೆರ್ರಿ ಹಾಕೋಣ. ಇನ್ನು ಈ ಮನೆ ಎಲ್ಲಿಗೂ ಹೋಗಲ್ಲ" ಎಂದು ಅವಳು ಹೇಳಿದರೆ ಭಾವ ತಲೆಯಾಡಿಸುತ್ತಿದ್ದರು. ನಾನು ಮಾತ್ರ ಒಂದನ್ನು ಗಮನಿಸಿದ್ದೆ. ರೇಡಿಯೊದಲ್ಲಿ ವಾರ್ತೆ ಬಂದ ಕೂಡಲೇ ಭಾವನ ಕೈಯಲ್ಲಿದ್ದ ಚಮಚ ಅಲ್ಲೇ ನಿಲ್ಲುತ್ತಿತ್ತು. ಹೊಸ ಸಾರಿಗೆ ಮಂತ್ರಿಯ ಹೆಸರು ಕೇಳಿದರೆ, "ಅವನಿಗೆ ಬೋಗಿಗೂ ಬಂಡಿಗೂ ವ್ಯತ್ಯಾಸ ಗೊತ್ತಿಲ್ಲ" ಎಂದು ಶುರುಮಾಡಿ ಸಾರು ಆರುವ ತನಕ ಮಾತಾಡುತ್ತಿದ್ದರು. ಅಕ್ಕ ಸಾರನ್ನು ಮತ್ತೆ ಬಿಸಿ ಮಾಡಿ ತರುತ್ತಿದ್ದಳು. ಗಂಡಸಿಗೆ ಅಷ್ಟು ದೊಡ್ಡ ಕೆಲಸ ಬಿಟ್ಟ ಮೇಲೆ ಸ್ವಲ್ಪ ದಿನ ಹಾಗೇ ಎಂದು ನನ್ನನ್ನೇ ಸಮಾಧಾನ ಮಾಡುತ್ತಿದ್ದಳು. ನೆಲ ಗಟ್ಟಿಯಾಗಿತ್ತು, ಮನೆ ಅಲುಗುತ್ತಿರಲಿಲ್ಲ, ಅವಳಿಗೆ ಅಷ್ಟು ಸಾಕಾಗಿತ್ತು.

ಸೂರಿನ ಹಿಮ ತೊಟ್ಟಿಕ್ಕಲು ಶುರುವಾದ ದಿನಗಳಲ್ಲಿ ಒಂದು ಬೆಳಿಗ್ಗೆ ನಾನು ಬ್ರೆಡ್ಡು ತೆಗೆದುಕೊಂಡು ಹೋದಾಗ, ಭಾವ ಅಂಗಿಯ ತೋಳು ಮಡಚಿಕೊಂಡು ಮನೆಯ ಉತ್ತರದ ಗೋಡೆಯ ಬುಡದಲ್ಲಿ ಓಕ್ ಮರದ ಗೂಟ ಹೊಡೆಯುತ್ತಿದ್ದರು. ಒಂದಲ್ಲ, ಗೋಡೆಯ ಉದ್ದಕ್ಕೂ. ಅರ್ಧ ಕರಗಿದ ನೆಲದಲ್ಲಿ ಸುತ್ತಿಗೆಯ ಪೆಟ್ಟು ದಪದಪ ಎನ್ನುತ್ತಿತ್ತು. ನಮ್ಮೂರಿನಲ್ಲಿ ಹುಟ್ಟಿದ ಯಾರೂ ಮನೆಗೆ ಗೂಟ ಹೊಡೆಯುವುದಿಲ್ಲ. ನಾನು ಸೈಕಲ್ಲು ಹಿಡಿದುಕೊಂಡು ನಿಂತೇ ಇದ್ದೆ. ಅಕ್ಕ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದಳು.

"ಏನು ಮಾಡ್ತಿದೀಯ ಸೆವೆರಿನ್?"

"ಬಯಲಲ್ವಾ ಸೊಲ್ಯಾ, ಗಾಳಿ ಜಾಸ್ತಿ. ಭದ್ರಕ್ಕೆ ಇರ್ಲಿ ಅಂತ."

"ನೀನು ಮನೇಲೇ ಇದೀಯಲ್ಲ. ಮನೆ ಯಾಕೆ ಹೋಗತ್ತೆ?"

ಸಂಸತ್ತಿನಲ್ಲಿ ಸಭಾಪತಿ ಗಂಟೆ ಬಾರಿಸಿದರೂ ನಿಲ್ಲಿಸದೆ ಮಾತಾಡಿದ ಮನುಷ್ಯ ಅವತ್ತು ಸುತ್ತಿಗೆಯ ಹಿಡಿಯನ್ನು ನೋಡುತ್ತ ನಿಂತರು. ಅಕ್ಕ ಅವರ ಮುಖವನ್ನೇ ನೋಡಿದಳು. ಅವಳ ಮುಖದಿಂದ ಚಳಿಗಾಲದ ಖುಷಿಯೆಲ್ಲ ನನ್ನ ಕಣ್ಣ ಮುಂದೆಯೇ ಇಳಿದುಹೋಯಿತು. ನನಗೆ ಭಾವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅದೇ ಗಳಿಗೆಯಲ್ಲಿ ಅಯ್ಯೋ ಪಾಪ ಅಂತಲೂ ಅನ್ನಿಸಿತು.

"ಕಿತ್ತುಹಾಕು ಯೂರ್ಕೊ" ಎಂದಳು ಅಕ್ಕ.

"ಅಕ್ಕಾ, ಇರ್ಲಿ ಬಿಡು. ಗೋಡೆ ಸ್ವಲ್ಪ ಬಿರಿದ್ರೆ ಮೆತ್ತಿದ್ರಾಯ್ತು."

"ಕಿತ್ತುಹಾಕು. ನಾನು ನೋಡ್ಬೇಕು."

ಕಿತ್ತುಹಾಕಿದೆ. ಭಾವನೂ ಒಂದಕ್ಕೆ ಕೈ ಹಾಕಿದರು, ಅಲುಗಿಸಲಾಗದೆ ಬಿಟ್ಟು ಮೆಟ್ಟಿಲ ಮೇಲೆ ಕೂತರು.

ಆ ವಾರವೇ ನೆಲ ಪೂರ್ತಿ ಸಡಿಲಾಯಿತು. ಅಕ್ಕ ನನ್ನನ್ನು ಊಟಕ್ಕೆ ಕರೆದಿದ್ದಳು. ಒಬ್ಬಳೇ ನೋಡಲು ಅವಳಿಗೆ ಧೈರ್ಯವಿರಲಿಲ್ಲ ಎಂದು ನನಗೆ ಗೊತ್ತು. ಮೂವರೂ ಮೇಜಿನ ಸುತ್ತ ಕೂತಿದ್ದೆವು. ಭಾವ ಬ್ರೆಡ್ಡು ಕತ್ತರಿಸುತ್ತಿದ್ದರು. ಮೊದಲು ತೊಲೆಗಳು ಕಿರ್ ಎಂದವು, ಆಮೇಲೆ ಕಪಾಟಿನ ಲೋಟಗಳು ಒಂದಕ್ಕೊಂದು ತಾಗಿದವು, ಆಮೇಲೆ ನೆಲ ಕಾಲಡಿಯಲ್ಲಿ ಮೆಲ್ಲಗೆ ಜರುಗಿತು. ನನ್ನದು ಇದೇ ಕಸುಬು, ದಿಕ್ಕು ನೋಡಲು ನಾನು ಹೊರಗೆ ಹೋಗಬೇಕಾಗಿಲ್ಲ. ಮನೆ ಉತ್ತರಕ್ಕೆ ಹೊರಟಿತ್ತು, ಯಜಮಾನನನ್ನು ಒಳಗೇ ಕೂರಿಸಿಕೊಂಡು.

ಸಾರಿನ ಬಟ್ಟಲಿನಲ್ಲಿ ಸಾರು ಒಂದು ಪಕ್ಕಕ್ಕೆ ವಾಲಿತ್ತು.

"ಇಷ್ಟು ವರ್ಷ" ಎಂದಳು ಅಕ್ಕ, "ಇಷ್ಟು ವರ್ಷ ನಿನ್ನ ಹತ್ತಿರ ಬರ್ತಿದೀನಿ ಅಂದ್ಕೊಂಡಿದ್ದೆ ಸೆವೆರಿನ್. ಇದು ನಿನ್ನ ಕಡೆ ಬರ್ತಾನೇ ಇರ್ಲಿಲ್ಲ, ಅಲ್ವಾ? ಆ ಕುರ್ಚಿ ಕಡೆ ಹೋಗ್ತಿತ್ತು. ಒಲೆ ಆರದ ಹಾಗೆ ನಾನು ನೋಡ್ಕೊಂಡೆ."

ಭಾವ ಅತ್ತರು. ಕೈಯಲ್ಲಿ ಬ್ರೆಡ್ಡಿನ ಚೂರು ಹಿಡಿದುಕೊಂಡೇ ಅತ್ತರು. "ನಾನು ಬೇಕೂಂತ ಮಾಡ್ತಿಲ್ಲ ಸೊಲ್ಯಾ. ಸಾಕು ಅಂತ ದಿನಾ ಹೇಳ್ಕೊತೀನಿ. ಇಲ್ಲೇ ಇರ್ತೀನಿ ಅಂತ ದಿನಾ ಹೇಳ್ಕೊತೀನಿ."

"ಗೊತ್ತು ಕಣೋ. ಬೇಕೂಂತ ಮಾಡ್ತಿದ್ರೆ ಬೈದಾದ್ರೂ ಬಿಡಿಸ್ತಿದ್ದೆ."

ಅವಳು ಜಗಳ ಮಾಡಲಿಲ್ಲ. ಹಿಟ್ಟು ನಾದುವ ಮರದ ತೊಟ್ಟಿ, ಅಮ್ಮನ ಕಾಲದ ದೇವರ ಪಟ, ಎರಡು ರಜಾಯಿ, ಇಷ್ಟನ್ನು ನನ್ನ ಸೈಕಲ್ಲಿನ ಮೇಲೆ ಕಟ್ಟಿಸಿದಳು. ಸರಿಯುತ್ತಿರುವ ಮನೆಯಿಂದ ಇಳಿಯುವಾಗ ಕೈ ಹಿಡಿಯಲು ಭಾವ ಬಂದರು. ಅವಳು ಹಿಡಿದುಕೊಂಡೇ ಇಳಿದಳು. ಇಳಿದ ಮೇಲೆ, "ಒಲೆಗೆ ಸೌದೆ ಹಾಕೋದು ಮರೀಬೇಡ. ಆರಿದ್ರೆ ಹೊಳೆಗೆ ಹೋಗ್ತೀಯ" ಎಂದಳು. ಹೊಲದ ಕೆಸರಿನಲ್ಲಿ ನಾವು ಊರಿನ ಕಡೆ ನಡೆದೆವು. ಅವಳು ಒಮ್ಮೆಯೂ ಹಿಂದಕ್ಕೆ ನೋಡಲಿಲ್ಲ, ನಾನೇ ನೋಡಿದೆ. ಭಾವ ಇನ್ನೂ ಹೊಸ್ತಿಲಲ್ಲೇ ನಿಂತಿದ್ದರು.

ಆ ಬೇಸಿಗೆ ನಾನೂ ಡಿಪೋದ ಗೆಳೆಯರೂ ಸೇರಿ ಪರಾಸ್ಕಾಳ ಪಕ್ಕದ ಹಳೇ ಜಾಗದಲ್ಲಿ ಅಕ್ಕನಿಗೆ ಸಣ್ಣದೊಂದು ಮನೆ ಕಟ್ಟಿದೆವು. ಒಂದು ಕೋಣೆ, ಒಂದು ಒಲೆ, ಪರಾಸ್ಕಾಳ ಕಡೆಗೆ ಒಂದು ದೊಡ್ಡ ಕಿಟಕಿ. ಈ ಸಲ ಮನೆಯ ಯಜಮಾನಿ ಅಕ್ಕನೇ. ಮೊದಲ ದಿನಗಳಲ್ಲಿ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಪರಾಸ್ಕಾ ಬಿಡಬೇಕಲ್ಲ, ಇಷ್ಟು ವರ್ಷದ ಚಾಡಿಯೆಲ್ಲ ಬಾಕಿ ಇತ್ತು. ಚಳಿಗಾಲದ ಹೊತ್ತಿಗೆ ಕಿಟಕಿಯಿಂದ ಕಿಟಕಿಗೆ ಮತ್ತೆ ಉಪ್ಪು, ಯೀಸ್ಟು ಓಡಾಡತೊಡಗಿದವು. ಭಾವ ಉಗ್ರಾಣದ ಆಚೆ ಒಬ್ಬರೇ ಇದ್ದರು. ವಾರಕ್ಕೊಮ್ಮೆ ನಾನು ಹೋಗಿ ನೋಡಿ ಬರುತ್ತಿದ್ದೆ. ಸೌದೆ ಒಡೆದಿಡುತ್ತಿದ್ದರು, ಒಲೆ ಉರಿಯುತ್ತಿತ್ತು, ರೇಡಿಯೊ ನಿಲ್ಲಿಸಿದ್ದರು. ಮನೆ ತನ್ನ ಪಾಡಿಗೆ ತಾನು ದಾರಿ ಹಿಡಿದಿತ್ತು. "ಅವಳು ಹೇಗಿದ್ದಾಳೆ?" ಎಂದು ಕೇಳುತ್ತಿದ್ದರು. "ಚೆನ್ನಾಗಿದ್ದಾಳೆ ಭಾವ" ಎನ್ನುತ್ತಿದ್ದೆ. ಬೇರೆ ಏನು ಹೇಳಲಿ? ಅವರ ಮೇಲಿನ ಸಿಟ್ಟು ಇಳಿದುಹೋಗಿತ್ತು, ಅದರ ಜಾಗದಲ್ಲಿ ಬಂದದ್ದು ಸಿಟ್ಟಿಗಿಂತ ಭಾರವಾಗಿತ್ತು.

ಮತ್ತೆ ವಸಂತ ಬಂತು. ಹೊಸ ಮನೆಗೆ ಅದು ಮೊದಲ ವಸಂತ. ನೆಲ ಮೆತ್ತಗಾದ ದಿನ ಬೆಳಿಗ್ಗೆ ನಾನು ಅಕ್ಕನ ಮನೆಗೆ ಹೋದರೆ, ಭಾವ ಆಗಲೇ ಬಂದು ಬೇಲಿಯ ಹೊರಗೆ ನಿಂತಿದ್ದರು. ಬೂಟು ಮೊಣಕಾಲಿನ ತನಕ ಹೊಲದ ಕಪ್ಪು ಕೆಸರು. ಗಡ್ಡ ನೀಟಾಗಿ ಕೆರೆದುಕೊಂಡಿದ್ದರು. ಭಾಷಣಕ್ಕೆ ಹಾಕುತ್ತಿದ್ದ ಕೋಟು ಹಾಕಿದ್ದರು. ಒಳಗೆ ಅಕ್ಕ, ಪರಾಸ್ಕಾ ಇಬ್ಬರೂ ಏನೋ ಮಾತಾಡಿಕೊಂಡು ಜೋರಾಗಿ ನಗುತ್ತಿದ್ದರು. ಭಾವ ಬಾಗಿಲು ತಟ್ಟಲಿಲ್ಲ.

"ಯೂರ್ಕೊ, ಮನೆ ಹೊರಟಿದೆಯೇನೋ?" ಎಂದು ಮೆಲ್ಲಗೆ ಕೇಳಿದರು.

ಅವರು ಏನನ್ನು ಕೇಳುತ್ತಿದ್ದಾರೆಂದು ನನಗೆ ಗೊತ್ತಾಯಿತು. ಅವರ ಮನೆ ಇರುವುದು ಉತ್ತರಕ್ಕೆ, ಅಕ್ಕನ ಮನಸ್ಸು ಅತ್ತ ಎಳೆದರೆ ಈ ಮನೆಯೂ ಅತ್ತಲೇ ಸರಿಯಬೇಕು. ನಾನು ಉತ್ತರದ ಗೋಡೆಯ ಬುಡದಲ್ಲಿ ಕೂತು ನೋಡಿದೆ. ಅಡಿಪಾಯದ ಅಂಚಿನಲ್ಲಿ ಹೋದ ವರ್ಷ ನಾನೇ ತುಳಿದು ಕೂರಿಸಿದ ಮಣ್ಣು ಹಾಗೇ ಇತ್ತು, ಒಂದು ಕೂದಲೆಳೆಯ ಬಿರುಕೂ ಬಿಟ್ಟಿರಲಿಲ್ಲ.

"ಇಲ್ಲ ಭಾವ."

"ಒಂದು ಬೆರಳಷ್ಟೂ?"

"ಇಲ್ಲ."

ಅವರು ಕೋಟು ಹಾಕಿಕೊಂಡೇ ಕೆಸರಿನಲ್ಲಿ ಮಂಡಿಯೂರಿದರು. ಗೋಡೆಯ ಬುಡಕ್ಕೆ ಅಂಗೈ ಒತ್ತಿ, ಉದ್ದಕ್ಕೂ ಸವರಿಕೊಂಡು ಹೋದರು. ಕಿಟಕಿಯ ಒಳಗಿನಿಂದ ಅಕ್ಕನ ನಗು ಮತ್ತೆ ಕೇಳಿಸಿತು. ಅವರು ಕೈ ಅಲ್ಲೇ ಇಟ್ಟುಕೊಂಡು ನನ್ನ ಕಡೆ ತಿರುಗಿದರು.

"ನೆಲ ಇನ್ನೂ ಪೂರ್ತಿ ಕರಗಿರ್ಲಿಕ್ಕಿಲ್ಲ. ಇನ್ನೊಂದ್ಸಲ ಸರಿಯಾಗಿ ನೋಡು" ಎಂದರು.

ನೆಲ ಪೂರ್ತಿ ಕರಗಿತ್ತು. ಆದರೂ ನಾನು ಇನ್ನೊಂದು ಸಲ ನೋಡಿದೆ.